ಆರು ತಟ್ಟೆಯ ತಕ್ಕಡಿ

ಜಮಖಾನದಿಂದ ಒಂದು ಗೇಣು ಮೇಲೆ, ಸರಪಳಿಗಳ ತುದಿಯಲ್ಲಿ, ಆರು ಹಿತ್ತಾಳೆಯ ತಟ್ಟೆಗಳು ತೂಗುಬಿದ್ದಿವೆ. ಒಂದೊಂದರಲ್ಲೂ ಒಂದೊಂದು ಅಂಗೈ. ಕಿಟಕಿಯಿಂದ ಓರೆಯಾಗಿ ಬಂದ ಏಳೂವರೆಯ ಬಿಸಿಲು ಮೊದಲು ಸಿದ್ದವ್ವನ ಅಂಗೈಯನ್ನು ಮುಟ್ಟಿದೆ. ಐವತ್ತು ವರ್ಷ ಕಾದ ಹಂಚಿನ ಮೇಲೆ ರೊಟ್ಟಿ ತಿರುವಿ ಬೆರಳತುದಿಯ ಗೆರೆಗಳೆಲ್ಲ ಅಳಿಸಿಹೋಗಿವೆ. ಪಕ್ಕದ್ದು ಸೊಸೆ ಕಸ್ತೂರಿಯದು, ಬಸ್ಸಿನ ಕಂಬಿ ಹಿಡಿದು ಹಿಡಿದು ನಡುವೆ ಗಟ್ಟಿಯಾದದ್ದು. ಆರು ವರ್ಷದ ತುಂಗಾಳ ಅಂಗೈಯಲ್ಲಿ ಅರ್ಧ ಮಾಸಿದ ಮದರಂಗಿಯ ಚಂದ್ರ. ಅವಳಪ್ಪ ಗುರುಪಾದಪ್ಪನದರಲ್ಲಿ ಅರದ ಗೀರುಗಳು. ನನ್ನದರಲ್ಲಿ ಹೇಳಿಕೊಳ್ಳುವಂಥದ್ದೇನೂ ಇಲ್ಲ. ನಲವತ್ತು ವರ್ಷ ಕೆಂಪು ಶಾಯಿಯ ಲೇಖನಿ ಹಿಡಿದ ಕೈ, ಅಷ್ಟೆ. ಆರನೆಯದು ತುಂಗಾಳ ಅಕ್ಕ, ಹದಿಮೂರು ವರ್ಷದ ನೀಲಾಳದು. ಉಳಿದ ಐದೂ ಬಿಚ್ಚಿಕೊಂಡಿವೆ. ಅವಳ ಬೆರಳುಗಳು ಮಾತ್ರ ಒಳಕ್ಕೆ ಮಡಚಿಕೊಂಡಿವೆ, ಹಿಡಿಯಲ್ಲಿ ಏನನ್ನೋ ಇಟ್ಟುಕೊಂಡವರ ಹಾಗೆ. ನಡುವೆ ಕಬ್ಬಿಣದ ಕಂಬ, ಕಂಬದ ನೆತ್ತಿಯಲ್ಲಿ ಒಂದು ಮುಳ್ಳು. ಮುಳ್ಳು ಅವಳ ಕಡೆಗೆ ಕೂದಲೆಳೆಯಷ್ಟು ವಾಲಿದೆ.

ಇದು ಗುರುಪಾದಪ್ಪ ಗುಂಡಿ ಒತ್ತುವುದಕ್ಕೆ ಮೊದಲಿನ ಕ್ಷಣ. ಆ ಮನೆಯಲ್ಲಿ ಪ್ರತಿಯೊಬ್ಬರೂ ತಮಗೆ ಗೊತ್ತಿದ್ದುದನ್ನು ಪೂರ್ತಿಯಾಗಿ ಬಲ್ಲವರಾಗಿದ್ದ ಕೊನೆಯ ಕ್ಷಣವೂ ಇದೇ.

ಗದಗಿನ ಹಳೆಯ ಪೇಟೆಯ ಹಿಂದಿನ ಓಣಿಯಲ್ಲಿ, ಗುರುಪಾದಪ್ಪ ಕಡಗದನ ಮನೆಯ ಮಹಡಿ ಕೋಣೆಯಲ್ಲಿ ನಾನು ಬಾಡಿಗೆಗಿದ್ದೇನೆ. ಛಾಪಖಾನೆಯೊಂದರಲ್ಲಿ ಕರಡು ತಿದ್ದಿ ನಿವೃತ್ತನಾದವನಾದ್ದರಿಂದ ಮಕ್ಕಳು ನನ್ನನ್ನು ಪ್ರೂಫ್ ಕಾಕಾ ಎನ್ನುತ್ತಾರೆ. ಕೆಳಗಿನ ಮುಂಗೋಣೆ ಗುರುಪಾದಪ್ಪನ ಅಂಗಡಿ. ಸುತ್ತಲಿನ ಹತ್ತೂರಿನ ಕೆಟ್ಟ ತಕ್ಕಡಿಗಳು ಅಲ್ಲಿಗೆ ಬಂದು, ಸತ್ಯ ಹೇಳುವುದನ್ನು ಮತ್ತೆ ಕಲಿತು ಹೋಗುತ್ತವೆ. ತಕ್ಕಡಿಯ ಮುಳ್ಳು ನಡುವಿಗೆ ಬಂದು ನಿಂತರೆ ಅದೇ ನ್ಯಾಯ, ಅದೇ ಆರೋಗ್ಯ, ಅದೇ ಸುಖ ಎಂಬುದು ಮೂರು ತಲೆಮಾರಿನಿಂದ ಆ ಮನೆಯ ನಂಬಿಕೆ. ಹೋಳಿಗೆಯನ್ನು ಅಲ್ಲಿ ತೂಗಿಯೇ ಬಡಿಸುತ್ತಾರೆ. ಪರರ ಮನೆಯ ಗೋಡೆಯಲ್ಲಿ ಪಟ ಓರೆಯಾಗಿದ್ದರೆ ಗುರುಪಾದಪ್ಪ ಚಹಾ ಕುಡಿಯಲಾರ. ಮಗುವಿನ ತೂಕಕ್ಕೆ ತಾನೇ ಹೊಂದಿಕೊಳ್ಳುವ ತೊಟ್ಟಿಲೊಂದನ್ನು ಅವನು ಹಿಂದೆ ಕಟ್ಟಿದ್ದ. ಅದು ಒಂದು ಮಧ್ಯಾಹ್ನ ತುಂಗಾಳನ್ನು ಮೆಲ್ಲಗೆ, ಯಾವ ನೋವೂ ಆಗದಂತೆ, ಅಟ್ಟದ ಮೇಲೆ ಇಳಿಸಿತ್ತು.

ಮಕ್ಕಳಿಬ್ಬರೂ ಶಾಲೆಗೆ ಹೋಗುವುದಿಲ್ಲ. ನೀಲಾ ಎರಡನೆಯ ಇಯತ್ತೆಯಲ್ಲಿದ್ದಾಗ ಒಂದು ದಿನ ಅವಳನ್ನು ಕರೆತರಲು ಹೋದ ಗುರುಪಾದಪ್ಪ ಕಿಟಕಿಯಿಂದ ತರಗತಿಯನ್ನು ಎಣಿಸಿ ಬಂದ. "ನಲವತ್ತೆಂಟು ಹುಡುಗೂರಿಗೆ ಒಬ್ಬ ಮಾಸ್ತರ. ಅದು ಯಾವ ತಕ್ಕಡಿ, ಕಾಕಾ?" ಎಂದು ನನ್ನನ್ನು ಕೇಳಿದ. ಮರುದಿನದಿಂದ ಪಾಠ ಮನೆಯಲ್ಲೇ ಆಯಿತು.

ಆ ಪಾಠ ಶುರುವಾಗುತ್ತಿದ್ದ ರೀತಿ ಮಾತ್ರ ಚೆಂದ. ಬೆಳಿಗ್ಗೆ ಏಳೂವರೆಗೆ ನಡುಮನೆಯಲ್ಲಿ ಜಮಖಾನ ಹಾಸುವುದು. ಸಿದ್ದವ್ವ ರೊಟ್ಟಿಯ ಬುಟ್ಟಿಯನ್ನು ತೊಳೆದು ಒರೆಸಿ ತಂದು ನಡುವೆ ಇಡುವುದು. ಹಿಂದಿನ ಸಂಜೆ ಪ್ರತಿಯೊಬ್ಬರೂ ಅದರಲ್ಲಿ ಒಂದೊಂದು ವಸ್ತುವನ್ನು ಹಾಕಿರುತ್ತಿದ್ದರು: ಒಂದು ಕಾಯಿ, ಒಂದು ಕೆಟ್ಟ ಬೀಗ, ಬೀಸುವ ಹಾಡಿನ ಎರಡು ಸಾಲು ಬರೆದ ಚೀಟಿ. ಹಾಕಿದವರು ಅದನ್ನು ಎತ್ತಿ ಉಳಿದವರಿಗೆ ಹತ್ತು ನಿಮಿಷ ಕಲಿಸಬೇಕು. ಅಜ್ಜಿಯಾದರೂ ಸರಿ, ಆರು ವರ್ಷದವಳಾದರೂ ಸರಿ. ಇದಕ್ಕೆ ಬುಟ್ಟಿ ಬಿಚ್ಚುವುದು ಎಂದು ಹೆಸರು. ನಾನು ದಿನಕ್ಕೊಂದು ಹೊಸಗನ್ನಡ ಕವಿತೆಯನ್ನು ಹಾಕುತ್ತಿದ್ದೆ. ಮುಖ ತೊಳೆದ, ತಲೆ ಬಾಚಿದ, ಇನ್ನೂ ಯಾರ ಮೇಲೂ ಸಿಟ್ಟಾಗದ ಐದು ಮುಖಗಳ ಮುಂದೆ ಒಂದು ಕವಿತೆಯನ್ನು ಓದುವುದಕ್ಕಿಂತ ಹೆಚ್ಚಿನದೇನನ್ನೂ ಈ ವಯಸ್ಸಿನಲ್ಲಿ ನಾನು ಬೇಡುತ್ತಿರಲಿಲ್ಲ.

ಏಪ್ರಿಲ್ಲಿನ ಕೊನೆಯಲ್ಲಿ ಒಂದು ಬೆಳಿಗ್ಗೆ ನೀಲಾ ತನ್ನ ಸರದಿ ಬಂದಾಗ ಬುಟ್ಟಿಯಿಂದ ಒಂದು ಕಾಗದವನ್ನು ಎತ್ತಿ ಜಮಖಾನದ ಮೇಲೆ ಹರಡಿದಳು. ಊರಿನ ಹೆಣ್ಣುಮಕ್ಕಳ ಹೈಸ್ಕೂಲಿನ ಪ್ರವೇಶ ಅರ್ಜಿ, ಎಂಟನೆಯ ಇಯತ್ತೆಗೆ. ಅರ್ಜಿಯ ಮನೆಗಳನ್ನೆಲ್ಲ ಅವಳೇ ತುಂಬಿದ್ದಳು. ಉಳಿದಿದ್ದವು ಎರಡೇ: "ಶಾಲೆಗೆ ಸೇರಬಯಸುವ ಕಾರಣ, ವಿದ್ಯಾರ್ಥಿನಿಯ ಸ್ವಂತ ಮಾತಿನಲ್ಲಿ" ಎಂಬುದು ಒಂದು, ಪಾಲಕರ ಸಹಿ ಇನ್ನೊಂದು.

"ಇದು ನನ್ನ ಇವತ್ತಿನ ಪಾಠ," ಎಂದಳು. "ನಾ ಸಾಲಿಗೆ ಹೋಗ್ತೀನಿ, ಅಪ್ಪಾ."

ಗುರುಪಾದಪ್ಪ ಕಾಗದವನ್ನು ಬಹಳ ಹೊತ್ತು ನೋಡಿದ. ಕೊನೆಯ ದಿನಾಂಕ ಮೇ ತಿಂಗಳ ಕೊನೆಯ ಶನಿವಾರ ಇದೆಯಲ್ಲ, ಅವಸರವೇನು ಎಂದ. ಆಮೇಲೆ ಅಂಗಡಿಗೆ ಹೋಗಿ ಬಾಗಿಲು ಹಾಕಿಕೊಂಡ. ಇಪ್ಪತ್ತು ದಿನ ಒಳಗಿನಿಂದ ಸುತ್ತಿಗೆಯ ಸದ್ದೇ ಸದ್ದು. ಅವನ ತೀರ್ಮಾನ ಇಷ್ಟು: ಹುಡುಗಿಗೆ ಮನೆ ಸಾಲುತ್ತಿಲ್ಲವೆಂದರೆ ಬುಟ್ಟಿಯ ಪಾಠ ಸಮನಾಗಿ ಹಂಚಿಕೆಯಾಗುತ್ತಿಲ್ಲ. ಒಬ್ಬರು ಕಲಿಸುವಾಗ ಐವರಲ್ಲಿ ಇಬ್ಬರು ಆಕಳಿಸುತ್ತಾರೆ, ಒಬ್ಬಳು ಬಳಪ ತಿನ್ನುತ್ತಾಳೆ. ಹಂಚಿಕೆ ಸಮನಾದರೆ, ಮುಳ್ಳು ನಡುವಿಗೆ ಬಂದರೆ, ಅವಳು ಯಾಕೆ ಹೊರಗೆ ಹೋದಾಳು?

ಹೀಗೆ ಅರ್ಜಿಯ ಕೊನೆಯ ವಾರದ ಸೋಮವಾರ ಆರು ತಟ್ಟೆಯ ತಕ್ಕಡಿ ಜಮಖಾನಕ್ಕೆ ಬಂತು. ಷಟ್ಪಾತ್ರ ಸಮಜ್ಞಾನ ಯಂತ್ರ ಎಂದು ಅವನು ಅದಕ್ಕೆ ಹೆಸರಿಟ್ಟಿದ್ದ; ಸಿದ್ದವ್ವ ಮೊದಲ ನೋಟಕ್ಕೇ ಅದನ್ನು ಆರಬಟ್ಟಲ ಎಂದು ಕರೆದಳು, ಅದೇ ಉಳಿಯಿತು. ಅಂಗೈಯಿಂದ ನರಗಳ ಮಿಡಿತವನ್ನು ತಟ್ಟೆ ಅಳೆಯುತ್ತದೆ, ಅಳೆದದ್ದನ್ನು ತಂತಿ ಒಯ್ಯುತ್ತದೆ, ಯಾರಲ್ಲಿ ಯಾವ ತಿಳಿವಳಿಕೆ ಹೆಚ್ಚಿದೆಯೋ ಅದು ಕಡಿಮೆ ಇದ್ದವರ ಕಡೆಗೆ ಹರಿಯುತ್ತದೆ ಎಂದು ಗುರುಪಾದಪ್ಪ ವಿವರಿಸಿದ. ಹರಿದದ್ದು ಮೊದಲಿದ್ದವರಲ್ಲಿಯೂ ಉಳಿಯುತ್ತದೆಯೇ ಎಂದು ಕೇಳಬೇಕೆಂದು ಆರು ಜನರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಗುಂಡಿ ಒತ್ತಿದ. ಸೊಳ್ಳೆಯ ಹಾಡಿನಂಥ ಸದ್ದು. ಕೈಯಲ್ಲಿದ್ದ ತುಂಬಿದ ತಾಟನ್ನು ಯಾರೋ ಮೆಲ್ಲಗೆ ತೆಗೆದುಕೊಂಡ ಹಾಗೆ ಒಂದು ಹಗುರ. ಮುಳ್ಳು ನಡುಗಿತು, ಹಿಂದೆ ಸರಿಯಿತು, ನಟ್ಟನಡುವೆ ನಿಂತಿತು. ಗುರುಪಾದಪ್ಪನ ಕಣ್ಣಲ್ಲಿ ನೀರು ಬಂತು.

ಮೊದಲ ಆಘಾತ ಒಲೆಯ ಮುಂದೆ. ಸಿದ್ದವ್ವ ನಾದಿದ ಜೋಳದ ಹಿಟ್ಟಿನ ಉಂಡೆಯನ್ನು ಕೈಗೆ ತೆಗೆದುಕೊಂಡವಳು ಹಾಗೇ ನಿಂತಳು. ಬಡಿಯುವುದು ಗೊತ್ತು, ಬಡಿದದ್ದನ್ನು ಎತ್ತುವುದು ಹೇಗೆ? ಎತ್ತುವುದು ಕಸ್ತೂರಿಗೆ ಗೊತ್ತಿತ್ತು. ಹಂಚು ಎಷ್ಟು ಕಾಯಬೇಕೆಂಬುದು ಗುರುಪಾದಪ್ಪನಿಗೆ. ಮೇಲೆ ನೀರು ಸವರುವ ಹದ ತುಂಗಾಳಿಗೆ, ತಿರುವುವ ಗಳಿಗೆ ನೀಲಾಳಿಗೆ. ಕೆಂಡದ ಮೇಲೆ ನಿಲ್ಲಿಸಿ ಉಬ್ಬಿಸುವ ಕೊನೆಯ ವಿದ್ಯೆ ಯಾರಲ್ಲಿದೆ ಎಂದು ಹುಡುಕಿದರೆ, ಆಯುಷ್ಯದಲ್ಲಿ ಚಹಾ ಕೂಡ ಕಾಯಿಸಿಕೊಳ್ಳದ ನನ್ನಲ್ಲಿತ್ತು. ಆರು ಜನ ಸಾಲಾಗಿ ನಿಂತು ಹನ್ನೊಂದು ಗಂಟೆಯ ಹೊತ್ತಿಗೆ ಒಂದು ರೊಟ್ಟಿ ಮಾಡಿದೆವು. ಚೆನ್ನಾಗಿ ಉಬ್ಬಿತ್ತು. ಅದನ್ನು ಆರು ಪಾಲು ಮಾಡಿ ತಿಂದೆವು.

ಮಂಗಳವಾರ ಕಸ್ತೂರಿ ಡ್ಯೂಟಿಗೆ ಹೋದಳು. ಅವಳು ಗಜೇಂದ್ರಗಡದ ಬಸ್ಸಿನ ಕಂಡಕ್ಟರ್. ನಡುವಿನ ಇಪ್ಪತ್ತನಾಲ್ಕು ನಿಲುಗಡೆಗಳನ್ನು ಅವಳು ನಿದ್ದೆಯಲ್ಲಿಯೂ ಹೇಳಬಲ್ಲವಳು. ಆ ದಿನ ಅವಳಲ್ಲಿ ಉಳಿದಿದ್ದವು ನಾಲ್ಕು. ಊರು ದಾಟಿದ ಕೂಡಲೇ ಮನೆಗೆ ಫೋನು ಬಂತು. ಬೇವಿನಗಿಡ ಆದಮೇಲೆ ಯಾವುದು ಎಂದು ಅವಳು ಕೇಳಿದರೆ, ಹಿಟ್ಟಿನ ಗಿರಣಿ ಎಂದು ಒಲೆಯ ಮುಂದಿನಿಂದ ಸಿದ್ದವ್ವ ಹೇಳುವಳು. ಗಿರಣಿ ಆದಮೇಲೆ ಕೆರೆಯ ಏರಿ ಎಂದು ಬಚ್ಚಲಿನಿಂದ ತುಂಗಾ ಕೂಗುವಳು. ಏರಿಯ ನಂತರದ್ದನ್ನು ಹೇಳಲು ನಾನು ಮಹಡಿಯಿಂದ ಇಳಿದು ಬರುವವರೆಗೆ ಬಸ್ಸು ನಿಂತಿರುತ್ತಿತ್ತು. ನರೇಗಲ್ಲಿನ ಮುದುಕಿಯೊಬ್ಬಳು ಕಸ್ತೂರಿಯ ಕೈಯಿಂದ ಫೋನು ಇಸಿದುಕೊಂಡು, "ಇನ್ನ ನಾನ ಹೇಳ್ತೀನಿ, ನೀವು ನಿಮ್ಮ ಕೆಲಸಾ ನೋಡ್ರೆವ್ವಾ," ಎಂದು ನಮ್ಮನ್ನು ಬಿಡುಗಡೆ ಮಾಡಿದಳು.

ತಿಳಿವಳಿಕೆಯ ಜೊತೆ ಬೇರೆ ಸರಕೂ ಹರಿದಿತ್ತು. ತುಂಗಾಳಿಗೆ ಹಲ್ಲಿಯ ಭಯ ಇತ್ತು. ಈಗ ಆರು ಜನಕ್ಕೂ ಸ್ವಲ್ಪ ಸ್ವಲ್ಪ ಇತ್ತು. ಅವಳಲ್ಲಿ ಉಳಿದ ಭಯ ಎಷ್ಟು ಕಡಿಮೆಯೆಂದರೆ ಗೋಡೆಯ ಹಲ್ಲಿಯನ್ನು ಹೆಸರಿಟ್ಟು ಕರೆಯತೊಡಗಿದಳು. ಎಪ್ಪತ್ತನಾಲ್ಕರ ನಾನು ಮೆಟ್ಟಿಲ ಮೇಲೆ ಅದು ಕಂಡರೆ ಯಾರಾದರೂ ಬರಲಿ ಎಂದು ಕಾಯುತ್ತಿದ್ದೆ.

ನನ್ನ ನಷ್ಟ ನನಗೆ ಬುಧವಾರ ನಸುಕಿನಲ್ಲಿ ತಿಳಿಯಿತು. ಎಚ್ಚರವಾದ ಕೂಡಲೇ ಒಂದು ಕವಿತೆಯನ್ನು ಮನಸ್ಸಿನಲ್ಲಿ ಹೇಳಿಕೊಳ್ಳುವುದು ನನ್ನ ಅಭ್ಯಾಸ. ಆ ದಿನ ಕೈಚಾಚಿದೆ. ಒಂದು ಸಾಲು ಸಿಕ್ಕಿತು, ಮುಂದೆ ಐದು ಮೆಟ್ಟಿಲು ಇರಲಿಲ್ಲ, ಆರನೆಯದು ಮತ್ತೆ ಸಿಕ್ಕಿತು. ಹಲವಾರು ಕವಿತೆಗಳಲ್ಲಿ ತಡಕಿದೆ. ಎಲ್ಲ ಕಡೆಯೂ ಹಾಗೇ. ಪುಸ್ತಕ ತೆರೆದು ಓದಬಹುದಿತ್ತು. ಆದರೆ ನಾನು ಹುಡುಕುತ್ತಿದ್ದ ಕವಿತೆ ಯಾವ ಪುಸ್ತಕದಲ್ಲಿಯೂ ಇರಲಿಲ್ಲ. ಬಹಳ ಹಿಂದೆ ಒಬ್ಬ ತರುಣ ಛಾಪಖಾನೆಗೆ ಹಸ್ತಪ್ರತಿ ಕೊಟ್ಟು, ಮೊದಲ ಕರಡು ತೆಗೆದ ಮೇಲೆ ಮನಸ್ಸು ಬದಲಿಸಿ ಎಲ್ಲವನ್ನೂ ವಾಪಸು ಒಯ್ದಿದ್ದ. ಅದು ಉಳಿದದ್ದು ನನ್ನಲ್ಲಿ ಮಾತ್ರ.

ಕೆಳಗೆ ಬಂದು ಸಂಕೋಚದಿಂದ ವಿಷಯ ಹೇಳಿದೆ. ಬುಟ್ಟಿಯ ಸುತ್ತ ಕೂತು ಒಬ್ಬೊಬ್ಬರಾಗಿ ತಮ್ಮಲ್ಲಿದ್ದುದನ್ನು ಹೇಳಿದರು. ಮೊದಲ ಸಾಲು ಕಸ್ತೂರಿಯಲ್ಲಿತ್ತು, "ಬೀದಿಗೆ ಈಗಷ್ಟೇ ನೀರು ಚಿಮುಕಿಸಿದ್ದಾರೆ." ಎರಡನೆಯದು ತುಂಗಾಳಲ್ಲಿ, "ಸೈಕಲ್ಲೊಂದು ಗೋಡೆಗೊರಗಿ ನಿಂತಿದೆ." ಮೂರನೆಯದು ಸಿದ್ದವ್ವನ ಪಾಲಿಗೆ ಬಂದಿತ್ತು, "ಯಾರದೆಂದು ಗೋಡೆಯನ್ನು ಕೇಳಬಾರದು."

"ಗ್ವಾಡಿನ ಯಾರು ಕೇಳ್ತಾರ?" ಎಂದು ಸಿದ್ದವ್ವ ನನ್ನನ್ನೇ ತರಾಟೆಗೆ ತೆಗೆದುಕೊಂಡಳು. "ಸೋಮಾರದಿಂದ ಇದೊಂದು ಮಾತು ತಲ್ಯಾಗ ಕುಂತು ಕೊರಿಯಾಕತ್ತೈತಿ. ಕೆಲಸಿಲ್ಲದವರು ಬರದಿದ್ದು."

ಉಳಿದ ಮೂರು ಸಾಲುಗಳೂ ಬಂದವು. ಆರು ದನಿಗಳಲ್ಲಿ, ಒಂದೊಂದು ಸಾಲು ಒಂದೊಂದು ದಿಕ್ಕಿನಿಂದ, ಆ ಕವಿತೆ ಆ ಬೆಳಿಗ್ಗೆ ನಡುಮನೆಯಲ್ಲಿ ನಿಂತಿತು. ನನ್ನಲ್ಲಿ ಇಡಿಯಾಗಿದ್ದಾಗ ಅದು ಎಂದೂ ಅಷ್ಟು ಚೆಂದವಾಗಿ ಕೇಳಿಸಿರಲಿಲ್ಲ. ಇದನ್ನು ಒಪ್ಪಿಕೊಳ್ಳಲು ನನಗೆ ಕಷ್ಟವಾಗುತ್ತದೆ.

ಗುರುಪಾದಪ್ಪ ಮಾತ್ರ ಯಾವುದರಿಂದಲೂ ವಿಚಲಿತನಾಗಲಿಲ್ಲ. ಇದು ಐಬಲ್ಲ, ಇದೇ ಸಮತೋಲ. ಇನ್ನು ಯಾರೂ ಯಾರನ್ನೂ ಬಿಟ್ಟು ಬದುಕಲಾರರು ಎಂದು ಸಾಧಿಸಿದ. ಕೊಟ್ಟಷ್ಟೂ ಹೆಚ್ಚುವುದು ವಿದ್ಯೆ ಎಂದು ಹಿರಿಯರು ಹೇಳಿದ್ದು ಈ ಮನೆಯ ಮಟ್ಟಿಗೆ ಸುಳ್ಳಾಗಿ ಮೂರು ದಿನವಾಯಿತು ಎಂದು ಅವನ ತಾಯಿ ಹೇಳಿದಳು. ಅದಕ್ಕೂ ಅವನು ನಕ್ಕ. ಅವನ ನಗೆಗೆ ಕಾರಣವಿತ್ತು. ಆಗಷ್ಟೇ ನೀಲಾ ಬುಟ್ಟಿಯಿಂದ ಅರ್ಜಿಯನ್ನು ಎತ್ತಿ, ಓದಿ, ಅಚ್ಚರಿಯಿಂದ ಎಂಬಂತೆ ಮಡಚಿ ಅಪ್ಪನ ಕೈಗೆ ಕೊಟ್ಟಿದ್ದಳು.

"ಇರಲಿ ಬಿಡಪ್ಪಾ. ಇದನ್ನ ಯಾಕ ತಂದಿದ್ದೆ ಅಂತ ನೆನಪ ಆಗವಲ್ದು. ಹೋಗಬೇಕು ಅಂತ ಏನಿಲ್ಲ."

ಅವಳ ದನಿಯಲ್ಲಿ ದುಃಖವಿರಲಿಲ್ಲ. ಅದೇ ನನಗೆ ಸರಿಬರಲಿಲ್ಲ. ತಿಂಗಳಿಡೀ ಅವಳ ಮುಖದಲ್ಲಿದ್ದ ಒಂದು ಬಿಗುವು, ಬಿಲ್ಲಿಗೆ ಹೆದೆ ಏರಿಸಿದಂಥದ್ದು, ಸಡಿಲಗೊಂಡಿತ್ತು. ಗುರುಪಾದಪ್ಪ ಓಣಿಯ ಮನೆಮನೆಗೆ ಪೇಡೆ ಹಂಚಿದ.

ಆ ದಿನ ಸಂಜೆ ಅವನು ಅಂಗಡಿಯಲ್ಲಿರಲಿಲ್ಲ. ಕಸ್ತೂರಿ ಹುಡುಕಿ ತರಲು ನನ್ನನ್ನು ಕಳಿಸಿದಳು. ಎಲ್ಲಿ ಹುಡುಕಬೇಕೆಂದು ನಾನು ಯೋಚಿಸಲಿಲ್ಲ. ನನ್ನ ಕಾಲುಗಳು ತಾವೇ ಹೆಣ್ಣುಮಕ್ಕಳ ಹೈಸ್ಕೂಲಿನ ಕಡೆ ನಡೆದವು. ಸೋಮವಾರದಿಂದ ದಿನಕ್ಕೆರಡು ಸಲ ಅವು ಆ ಕಡೆ ತಿರುಗುತ್ತಿದ್ದುದನ್ನು ನಾನು ಯಾರಿಗೂ ಹೇಳಿರಲಿಲ್ಲ. ರಜೆಯ ದಿನಗಳು, ಗೇಟಿನ ಒಳಗೆ ಬೆಂಚುಗಳನ್ನು ಹೊರಗೆ ಹಾಕಿ ಬಣ್ಣ ಹಚ್ಚುತ್ತಿದ್ದರು. ಕಾಂಪೌಂಡಿನ ಗೋಡೆಯ ಮೇಲೆ ಗದ್ದವಿಟ್ಟು ಗುರುಪಾದಪ್ಪ ನಿಂತಿದ್ದ. ಸ್ವಲ್ಪ ದೂರದಲ್ಲಿ, ಸೊಪ್ಪು ಕೊಳ್ಳಲು ಹೋಗಿದ್ದ ಸಿದ್ದವ್ವ ಚೀಲವನ್ನು ನೆಲಕ್ಕಿಟ್ಟು ನಿಂತಿದ್ದಳು. ಒಬ್ಬರನ್ನೊಬ್ಬರು ನೋಡಿದರೂ ನೋಡದವರಂತೆ ಇದ್ದರು.

ನಾನೂ ಗೋಡೆಗೆ ಒರಗಿದೆ. ಗುರುಪಾದಪ್ಪ ಬೆಂಚುಗಳ ಮೇಲಿನ ಕಣ್ಣು ತೆಗೆಯದೆ ಹೇಳಿದ.

"ಕಾಕಾ, ಅಕೀಗೆ ಹೋಗಬೇಕು ಅನ್ನೂದು ಹೋಗಿಲ್ಲ. ಹಂಚಿಕಿ ಆಗೇತಿ."

"ಹೌದು," ಎಂದೆ.

"ಆರನೇ ಒಂದು ಪಾಲಿಗೆ ನನ್ನ ಕಾಲು ಇಲ್ಲೀ ತನಕಾ ಎಳಕೊಂಡು ಬಂದಾವ. ಆರೂ ಪಾಲು ಒಳಗ ಇಟಗೊಂಡು ಆ ಹುಡುಗಿ ಇಪ್ಪತ್ತು ದಿನ ನನ್ನ ಎದುರಿಗೆ ಸುಮ್ಮನ ಕೂತಿತ್ತಲ್ಲ."

ತೂಕದ ಮನುಷ್ಯ ಅವನು. ಎಷ್ಟು ಭಾರವೆಂದು ಬೇರೆ ಯಾರೂ ಹೇಳಬೇಕಾಗಿರಲಿಲ್ಲ. ಅರ್ಜಿಗೆ ಇನ್ನು ಮೂರೇ ದಿನವಿತ್ತು. ಅವಳದ್ದನ್ನು ಅವಳಿಗೆ ವಾಪಸು ಕೊಡುತ್ತೇನೆ, ಆಮೇಲೆ ಹೋಗುವುದೋ ಇರುವುದೋ ಅವಳು ಹೇಳಲಿ ಎಂದ. ಹೇಳಿದವನೇ ಶಾಲೆಗೆ ಬೆನ್ನು ತಿರುಗಿಸಿದ. ಅದೇ ಕ್ಷಣಕ್ಕೆ ನಾನು, ಆಚೆ ನಿಂತ ಸಿದ್ದವ್ವ ಕೂಡ ತಿರುಗಿದೆವು. ಮಗಳನ್ನು ಕಳಿಸಲಾರೆನೆಂಬ ಅವನ ಸಂಕಟವೂ ಆರು ತಟ್ಟೆಗಳಲ್ಲಿ ಹಂಚಿಹೋಗಿತ್ತು.

ಗುರುವಾರದ ಪ್ರಯೋಗವನ್ನು ಸಂಕ್ಷೇಪಿಸುತ್ತೇನೆ. ತಕ್ಕಡಿ ವಾಲಿದ ಕಡೆಗೆ ಎಲ್ಲವೂ ಹರಿಯಬೇಕು ಎಂಬ ತರ್ಕದಿಂದ ಗುರುಪಾದಪ್ಪ ನೀಲಾಳ ತಟ್ಟೆಯಲ್ಲಿ, ಅವಳ ಅಂಗೈಯ ಪಕ್ಕ, ಒಂದು ಕಿಲೋ ತೂಕದ ಕಬ್ಬಿಣದ ಬಟ್ಟು ಇಟ್ಟು ಗುಂಡಿ ಒತ್ತಿದ. ಯಂತ್ರ ಅವನಿಗಿಂತ ನ್ಯಾಯವಂತವಾಗಿತ್ತು. ಬಟ್ಟನ್ನು ಅದು ಕುಟುಂಬದ ಏಳನೆಯ ಸದಸ್ಯನೆಂದು ಎಣಿಸಿತು. ನಾವೆಲ್ಲ ಆರನೆಯ ಒಂದರಿಂದ ಏಳನೆಯ ಒಂದಕ್ಕೆ ಇಳಿದೆವು. ಬಟ್ಟಿನಲ್ಲಿ ಧಾರಾಳವಾಗಿದ್ದ ಒಂದೇ ಗುಣ, ಇಟ್ಟಲ್ಲಿ ಇರುವುದು, ನಮ್ಮೆಲ್ಲರಿಗೂ ಬಂತು. ಮಧ್ಯಾಹ್ನ ಎರಡರವರೆಗೆ ಜಮಖಾನ ಬಿಟ್ಟು ಏಳಬೇಕೆಂದು ಯಾರಿಗೂ ಅನ್ನಿಸಲಿಲ್ಲ. ಗಿರಾಕಿಗಳು ಬಂದು ಬಾಗಿಲಲ್ಲಿ ನಿಂತು ನಮ್ಮನ್ನು ನೋಡಿ, ಯಾವುದೋ ಧ್ಯಾನವೆಂದು ಚಪ್ಪಲಿ ಬಿಚ್ಚಿ ಕೈಮುಗಿದು ಹೋದರು. ಬಟ್ಟಿಗಾದರೋ ನಮ್ಮಿಂದ ಹರಿದ, ಹೋಗಬೇಕೆಂಬ ತುಡಿತ ತಡೆಯಲಾರದಷ್ಟಾಗಿತ್ತು. ಶುಕ್ರವಾರ ಬೆಳಿಗ್ಗೆ ಅದು ತಟ್ಟೆಯಲ್ಲಿರಲಿಲ್ಲ. ಉರುಳಿಕೊಂಡು ಹೋಗಿ ಹೊಸ್ತಿಲಿಗೆ ತಾಗಿ, ಬೀದಿಯ ಕಡೆ ಮುಖ ಮಾಡಿ ಕುಳಿತಿತ್ತು. ಬಟ್ಟಿಗೆ ಮುಖವಿದೆಯೆಂದು ನಾನು ಮೊದಲ ಬಾರಿಗೆ ಗಮನಿಸಿದ್ದು ಆಗ.

ಗುರುಪಾದಪ್ಪ ಆರಬಟ್ಟಲದ ತಂತಿಗಳನ್ನು ಕಿತ್ತ. ಇನ್ನೇನೂ ಉಳಿದಿಲ್ಲ ಎಂದು ಕಂಬಕ್ಕೆ ಒರಗಿ ಕುಳಿತ. ಅಷ್ಟರಲ್ಲಿ ಸಿದ್ದವ್ವ, ಏನೂ ಆಗಿಲ್ಲವೆಂಬಂತೆ, ರೊಟ್ಟಿಯ ಬುಟ್ಟಿಯನ್ನು ತೊಳೆದು ಒರೆಸಿ ತಂದು ಜಮಖಾನದ ನಡುವೆ ಇಟ್ಟಳು.

"ಏಳೂವರೆ ಆತು. ಯಂತ್ರ ಕೆಟ್ಟರ ಬಾಯಿ ಕೆಟ್ಟಾವೇನು? ನಂಗ ರೊಟ್ಟಿ ಎತ್ತೂದು ಯಾರ್ ಕಲಸ್ತೀರಿ, ಕಲಸ್ರಿ."

ಕಸ್ತೂರಿ ಕಲಿಸಿದಳು. ಅತ್ತೆಯ ಮಣಿಕಟ್ಟು ಹಿಡಿದು, ಹೀಗೆ ಒಳಗೆ ಕೈ ಸೇರಿಸಿ, ಹೀಗೆ ಮೇಲಕ್ಕೆ ಎಂದು, ಇಪ್ಪತ್ತು ವರ್ಷಗಳ ಹಿಂದೆ ಅದೇ ಅತ್ತೆ ತನಗೆ ಹೇಳಿದ ಬೈಗುಳಗಳ ಸಮೇತ. ಸಿದ್ದವ್ವ ಎತ್ತಿದಳು. ನಾವು ಉಸಿರು ಹಿಡಿದು ಕಸ್ತೂರಿಯ ಕಡೆ ನೋಡಿದೆವು. ಅವಳೂ ಇನ್ನೊಂದನ್ನು ಎತ್ತಿದಳು. ಹೋಗಿರಲಿಲ್ಲ! ಬಾಯಿಂದ ಕೊಟ್ಟದ್ದು ಕೊಟ್ಟವರಲ್ಲಿಯೂ ಇತ್ತು.

ಆಮೇಲೆ ಬುಟ್ಟಿಯನ್ನು ತಡೆಯುವವರೇ ಇಲ್ಲ. ತುಂಗಾ ಅವ್ವನಿಗೆ ಕೆರೆಯ ಏರಿಯ ಸುತ್ತಲಿನ ನಿಲುಗಡೆಗಳನ್ನು ಬಾಯಿಪಾಠ ಮಾಡಿಸಿದಳು. ಸಿದ್ದವ್ವ ಗೋಡೆಯ ಸಾಲನ್ನು ನನಗೆ ಒಪ್ಪಿಸಿ, ಇನ್ನು ನೀನೇ ಇಟ್ಟುಕೊ ಎಂದಳು. ಆದರೆ ಅವಳಲ್ಲಿಯೂ ಅದು ಉಳಿಯಿತೆಂದು ಗೊತ್ತಾದಾಗ ಕಿರಿಕಿರಿಪಟ್ಟಳು. ಬಟ್ಟು ಒಯ್ದ ಏಳನೆಯ ಪಾಲುಗಳು ಮಾತ್ರ ಯಾರ ಬಾಯಲ್ಲಿಯೂ ಇರಲಿಲ್ಲ. ಕಸ್ತೂರಿ ಮೂರು ನಿಲುಗಡೆಗಳನ್ನು ನರೇಗಲ್ಲಿನ ಮುದುಕಿಯಿಂದಲೇ ಮತ್ತೆ ಕಲಿಯಬೇಕಾಯಿತು. ನನ್ನ ಕವಿತೆಯ ಐದನೆಯ ಸಾಲು ಮರಳಿ ಬಂದಿಲ್ಲ. ಅಲ್ಲಿಗೆ ಬಂದಾಗ ಒಂದು ಉಸಿರಿನಷ್ಟು ಹೊತ್ತು ನಿಂತು ಮುಂದೆ ಹೋಗುತ್ತೇನೆ.

ಎಲ್ಲವೂ ಮುಗಿದಮೇಲೆ ಗುರುಪಾದಪ್ಪ ಅರ್ಜಿಯನ್ನು ತಂದು ಬುಟ್ಟಿಯಲ್ಲಿ ಇಟ್ಟ. ಅದರಲ್ಲಿ ಖಾಲಿಯಿದ್ದ ಕಾರಣದ ಮನೆಯನ್ನು ಬೆರಳಿನಿಂದ ತೋರಿಸಿ, ನೀಲಾಳ ಕಾರಣ ನಮ್ಮಲ್ಲಿದೆ, ಒಬ್ಬೊಬ್ಬರೂ ನಿಮ್ಮ ನಿಮ್ಮ ಪಾಲು ಅವಳಿಗೆ ಹೇಳಿಬಿಡಿ ಎಂದ.

ಸಿದ್ದವ್ವ ಸೆರಗು ಸರಿಮಾಡಿಕೊಂಡಳು. ತಾನು ಸಾಲಿಯ ಮೆಟ್ಟಿಲು ಹತ್ತಿದವಳಲ್ಲ, ಆದರೂ ಸೋಮವಾರದಿಂದ ಒಂದು ಆಸೆ ಹತ್ತಿದೆ ಎಂದಳು: ನೆಂಟರಲ್ಲದ ಯಾರೋ ಒಬ್ಬರು ಪಟ್ಟಿ ನೋಡಿ ತನ್ನ ಹೆಸರು ಕೂಗಬೇಕು, ತಾನು ಎದ್ದು ನಿಂತು ಇದ್ದೀನಿ ಅನ್ನಬೇಕು. ಕಸ್ತೂರಿಯ ಪಾಲಿಗೆ ಬಂದದ್ದು, ಬೆಂಚಿನಲ್ಲಿ ಪಕ್ಕ ಕೂರುವ ಒಬ್ಬ ಹುಡುಗಿ. ನಮ್ಮ ಮನೆಯ ಸುದ್ದಿ ಏನೂ ಗೊತ್ತಿಲ್ಲದವಳು. ನನ್ನ ಪಾಲು ಹತ್ತು ನಿಮಿಷದ ದಾರಿ, ಒಬ್ಬಳೇ ನಡೆಯುವುದು. ತುಂಗಾ ತನ್ನದು ತನಗೇ ಅರ್ಥವಾಗುತ್ತಿಲ್ಲ ಎಂದಳು. ಹೇಳು ಎಂದರು.

"ತಪ್ಪು ಮಾಡಿದ್ರ ಎಲ್ಲಾರೂ ಒಮ್ಮೆಲೇ ನನ್ನ ಕಡೆ ನೋಡಬಾರದು," ಎಂದಳು. "ಪ್ರೀತೀಲೆನೂ ನೋಡಬಾರದು."

ಹತ್ತು ಕಣ್ಣುಗಳ ಮುಂದೆ ಆರು ವರ್ಷ ಪಾಠ ಹೇಳಿದ ಹುಡುಗಿ ತಲೆ ತಗ್ಗಿಸಿ ಕುಳಿತಿದ್ದಳು. ನಾವೆಲ್ಲರೂ ಒಟ್ಟಿಗೆ ಅವಳ ಕಡೆ ನೋಡಿದೆವು. ಒಟ್ಟಿಗೆ ನೋಟ ಬೇರೆ ಕಡೆ ತಿರುಗಿಸಿದೆವು.

ಗುರುಪಾದಪ್ಪನ ಸರದಿ. ಅವನು ಬುಟ್ಟಿಯ ಅಂಚನ್ನು ಹಿಡಿದುಕೊಂಡ. ಹೇಳದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅಷ್ಟು ಪಾಲು ಇಲ್ಲದೆ ಅವಳು ಮನೆಯಲ್ಲೇ ಉಳಿಯಬಹುದಿತ್ತು. ಹೊರಗೆ ತರಕಾರಿಯ ಗಾಡಿ ಕೂಗಿಕೊಂಡು ಬಂದು, ನಿಂತು, ಮುಂದೆ ಹೋಯಿತು.

"ಈ ಬುಟ್ಟ್ಯಾಗ ನಾ ಏನ್ ಹಾಕಿದ್ರೂ ಅದು ನಿಮಗ ಮೊದಲ ಗೊತ್ತಿರತೈತಿ," ಎಂದ. ಅವನ ದನಿಯಲ್ಲಿ ಅವಳ ಮಾತು. "ಯಾಕಂದ್ರ ಅದನ್ನ ನಂಗ ಕಲಿಸಿದವರು ನೀವ. ನಿಮಗ್ಯಾರಿಗೂ ಗೊತ್ತಿಲ್ಲದ್ದು ಒಂದರ ನಾ ತರಬೇಕು, ಅಪ್ಪಾ."

ನೀಲಾ ತಲೆಯೆತ್ತಿದಳು. ಆ ಬಿಗುವು ಮರಳಿ ಬಂದಿತ್ತು. ಲೇಖನಿ ತೆಗೆದುಕೊಂಡು ಒಂದೇ ಸಮನೆ ಬರೆದಳು, ಗೆರೆ ಮುಗಿದ ಮೇಲೂ ಅಂಚಿನಲ್ಲಿ ಬರೆದಳು. ಒಂದು ಪಾಲು ಬಟ್ಟಿನಲ್ಲಿ ಉಳಿಯಿತಲ್ಲ ಎಂದು ತುಂಗಾ ಬಟ್ಟಿಗೆ ಕಿವಿಯಿಟ್ಟು ನೋಡಿದಳು. ಅದು ಏನೂ ಹೇಳಲಿಲ್ಲ. ಆ ಪಾಲು ಏನಿತ್ತೋ ಶಾಲೆಗೇ ಹೋಗಿ ಹುಡುಕುತ್ತೇನೆ ಎಂದು ನೀಲಾ ಹೇಳಿದಳು. ಗುರುಪಾದಪ್ಪ ಸಹಿ ಹಾಕಿದ. ಕಾಗದ ಓರೆಯಾಗಿತ್ತು, ಸಹಿಯೂ ಓರೆಯಾಯಿತು. ಅವನು ಅದನ್ನು ಹಾಗೇ ಬಿಟ್ಟ.

ಸೋಮವಾರ ತರಗತಿ ಶುರು. ನೀಲಾಳಿಗೆ ನೀಲಿ ಬಣ್ಣದ ಲಂಗ, ಎರಡು ಜಡೆ, ಹೊಸ ಚೀಲ. ತನ್ನ ಕಾರಣಗಳನ್ನು ಅವಳು ಬಾಯಿಂದ ವಾಪಸು ಪಡೆದಿದ್ದಳು. ಆದರೆ ಬಾಯಿಂದ ಕೊಟ್ಟದ್ದು ಕೊಟ್ಟವರಲ್ಲಿಯೂ ಉಳಿಯುತ್ತದೆಂಬ ಸಂಗತಿಯನ್ನು ಆ ಸಂಭ್ರಮದಲ್ಲಿ ನಾವು ಮರೆತಿದ್ದೆವು. ಎಂಟು ಗಂಟೆಗೆ ಅವಳು ನಡುಮನೆಗೆ ಬಂದು ನೋಡಿದರೆ ಸಿದ್ದವ್ವ ಇಳಕಲ್ ಸೀರೆಯುಟ್ಟು ಕೈಯಲ್ಲಿ ಪಾಟಿ ಹಿಡಿದಿದ್ದಳು. ತುಂಗಾಳ ಬಾಯಲ್ಲಿ ಬಳಪವಿರಲಿಲ್ಲ, ಕಿವಿಯ ಮೇಲಿತ್ತು. ಕಸ್ತೂರಿ ಯೂನಿಫಾರ್ಮು ತೊಟ್ಟು ಜಡೆಗೆ ಹೂ ಮುಡಿದಿದ್ದಳು. ಗುರುಪಾದಪ್ಪನ ಕಿಸೆಯಲ್ಲಿ ಅಳತೆಪಟ್ಟಿ, ನನ್ನ ಕೈಯಲ್ಲಿ ಹೊಸ ನೋಟುಬುಕ್ಕು. ಹೋಗಬೇಕೆಂಬುದು ಏಳನೆಯ ಒಂದು ಪಾಲು, ಕಳಿಸಲಾರೆವೆಂಬುದು ಏಳನೆಯ ಒಂದು ಪಾಲು. ಎರಡೂ ಸಮನಾಗಿ ತೂಗಿ, ಹೆಜ್ಜೆ ಮುಂದಿಡಲೂ ಹಿಂದಿಡಲೂ ಆಗದೆ ಐವರೂ ಹೊಸ್ತಿಲ ಒಳಗೆ ಸಾಲಾಗಿ ನಿಂತಿದ್ದೆವು.

ಅವಳು ನಮ್ಮ ಕಾಲುಗಳನ್ನು ನೋಡಿದಳು. ಐದು ಜೊತೆ ಚಪ್ಪಲಿ, ಐದೂ ಮೆಟ್ಟಿಕೊಂಡು ಅವಳ ಹಿಂದೆ ಹೊರಟಂಥವು.

"ಬರತೀನಿ," ಎಂದಳು. ಅಜ್ಜಿಯ ಕಾಲು ಮುಟ್ಟಿದಳು, ತಂಗಿಯ ಕೆನ್ನೆ ಹಿಂಡಿದಳು. ಅಪ್ಪನ ಮುಂದೆ ಬಂದಾಗ ಅವನು ಅವಳ ಚೀಲದ ಎರಡು ಪಟ್ಟಿಗಳನ್ನು ಒಂದೇ ಸಮ ಎಳೆದು ಸರಿಮಾಡಿದ. ಅವಳು ನಕ್ಕಳು.

ಆಮೇಲೆ ಬೀದಿಗಿಳಿದು ಬಾಗಿಲನ್ನು ಎರಡೂ ಕೈಯಿಂದ ಎಳೆದುಕೊಂಡಳು. ಬಾಗಿಲು ಮುಚ್ಚಿತು. ಹೊರಗಿನಿಂದ ಚಿಲಕ ಬಿದ್ದ ಸದ್ದು ಕೇಳಿಸಿತು. ಒಳಗೆ ಉಳಿದ ಕಸ್ತೂರಿಯ ಬಸ್ಸು ಎಂಟೂ ನಲವತ್ತಕ್ಕಿತ್ತು.